ಸಜಾತೀಯ ಕರಣಿ

ನನಗೆ ವರ್ಗಮೂಲಗಳೆಂದರೆ ಅಚ್ಚುಮೆಚ್ಚು. ಮುಂಬಯಿ ಹತ್ತಿರದ ಕಲ್ಯಾಣದ ನಮ್ಮ ಬಿಲ್ಡಿಂಗಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರೆ ಜನ ಲಿಫ್ಟಿನಲ್ಲಿ ಒಂದು ಹೆಜ್ಜೆ ದೂರ ಸರಿಯುತ್ತಾರೆ. ಸರಿಯಲಿ ಬಿಡಿ. ಮೈಸೂರಿನ ಕನ್ನಡ ಶಾಲೆಯಲ್ಲಿ ಕಲಿತ ಗಣಿತವನ್ನು ಇಲ್ಲಿಯ ಮರಾಠಿ ಮೀಡಿಯಂನವರಿಗೆ ಹೇಳಿಕೊಡುವುದರಲ್ಲಿ ನನ್ನ ಮಧ್ಯಾಹ್ನಗಳು ಕಳೆಯುತ್ತವೆ. ಮೊಬೈಲಿನಲ್ಲಿ ಲೆಕ್ಕ ಒತ್ತುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. √18 ಒತ್ತಿದರೆ ಅದು ನಾಲ್ಕು ಚಿಲ್ಲರೆ ಅಂತ ಉದ್ದನೆಯ ಬಾಲ ಬಿಚ್ಚುತ್ತದೆ. ಕೈಯಲ್ಲಿ ಬಿಡಿಸಿದರೆ 3√2. ಎಷ್ಟು ಚೊಕ್ಕ!

ಹೋದ ವರ್ಷ ವಿಠ್ಠಲವಾಡಿಯಿಂದ ಒಬ್ಬ ಹುಡುಗಿ ಪಾಠಕ್ಕೆ ಬರತೊಡಗಿದಳು. ಕಲಬುರಗಿ ಕಡೆಯವರ ಮನೆಯ ಸೊಸೆ, ಗಂಡನಿಗೆ ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಒಂಬತ್ತನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಈಗ ಹೊರಗಿನಿಂದ ಹತ್ತನೆಯ ತರಗತಿ ಪರೀಕ್ಷೆ ಕಟ್ಟಿದ್ದಳು. ಪಾಸಾದರೆ ಹತ್ತಿರದ ಬಾಲವಾಡಿಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಗುವುದಿತ್ತು. ಆ ಕೆಲಸದ ಮೇಲೆ ಅವಳಿಗೆ ಜೀವ. ಅತ್ತೆ ಮಾತ್ರ, ಮಗ ಒಪ್ಪಿದ್ದಾನಲ್ಲ ಎಂದು ಗೊಣಗುತ್ತಲೇ ಕಳಿಸುತ್ತಿದ್ದರು.

ಉಳಿದದ್ದೆಲ್ಲ ಅವಳಿಗೆ ಬೇಗ ಹತ್ತುತ್ತಿತ್ತು. √18 ಕ್ಕೆ √8 ಕೂಡಿಸು ಎಂದರೆ ಮಾತ್ರ √26 ಎಂದು ಬರೆದು ಕೂತುಬಿಡುತ್ತಿದ್ದಳು. ವರ್ಗಮೂಲದ ಚಿಹ್ನೆ ಅವಳ ಬಾಯಲ್ಲಿ ಛಪ್ಪರ.

“ಎರಡೂ ಒಂದ ಛಪ್ಪರದ ಕೆಳಗ ಹಾಕಿದ್ರ ಏನಾಗ್ತದ ಮೇಡಂ?”

“ಸೊನ್ನೆ ಮಾರ್ಕು ಆಗುತ್ತೆ! ಮೊದಲು ಬಿಡಿಸಮ್ಮಾ. ಒಳಗೆ ಉಳಿಯೋದು ಒಂದೇ ಆದ್ರೆ ಮಾತ್ರ ಕೂಡಿಸು.”

ಹಾಗೆ ಒಳಗೆ ಒಂದೇ ಸಂಖ್ಯೆ ಉಳಿಯುವವನ್ನು ನಾವು ಮೈಸೂರಿನಲ್ಲಿ ಸಮರೂಪ ಕರಣಿ ಎನ್ನುತ್ತಿದ್ದೆವು. ಅವಳ ಮರಾಠಿ ಪುಸ್ತಕದಲ್ಲಿ ಅದು ಸಜಾತೀಯ ಕರಣಿ. ಎರಡೂ ಭಾಷೆಗೆ ಕರಣಿ ಸಮಾನವಾಗಿದೆಯಲ್ಲ ಎಂದು ನಾನು ಖುಷಿಪಟ್ಟಿದ್ದೆ. ಮರಾಠಿಯಲ್ಲಿ ಕರಣಿ ಎಂದರೆ ಮಾಟ ಎಂಬ ಅರ್ಥವೂ ಇದೆ ಎಂದು ನನಗಾಗಲಿ ನಮ್ಮ ಮೈಸೂರಿನ ಮೇಷ್ಟರಿಗಾಗಲಿ ಗೊತ್ತಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅವಳು ಇದ್ದಕ್ಕಿದ್ದಂತೆ ಪಾಠಕ್ಕೆ ಬರುವುದನ್ನು ನಿಲ್ಲಿಸಿದಳು. ಫೋನೂ ಎತ್ತಲಿಲ್ಲ. ನನಗೆ ಕೋಪ ಬಂತು, ಆಮೇಲೆ ಚಿಂತೆಯಾಯಿತು. ಒಂದು ಮಧ್ಯಾಹ್ನ ಬೆಲ್ಲಾಯಿತು. ಬಾಗಿಲಲ್ಲಿ ಇಳಕಲ್ ಸೀರೆಯ ಹಿರಿಯ ಹೆಂಗಸೊಬ್ಬರು, ಅವರ ಬೆನ್ನ ಹಿಂದೆ ನನ್ನ ಶಿಷ್ಯೆ. ಓಹೋ, ಅತ್ತೆ!

“ಏನ್ರಿ ಮೇಡಂ, ನಮ್ಮ ಸೊಸಿಗಿ ನೀವು ಕರಣಿ ಕಲಸ್ತೀರಂತ ಖರೇ ಏನು?”

“ಹೌದಮ್ಮ, ಕಲಿಸ್ತೀನಿ,” ಎಂದೆ ಹೆಮ್ಮೆಯಿಂದ. “ಈಗೀಗ ತುಂಬಾ ಚೆನ್ನಾಗಿ ಮಾಡ್ತಾಳೆ.”

“ಯವ್ವಾ! ಎಲ್ಲಿ ಮಾಡ್ತಾಳ?”

“ಮನೇಲೇ. ದಿನಾ ಒಂದಿಷ್ಟು ಮಾಡು, ಇಲ್ಲದಿದ್ರೆ ಕೈ ತಪ್ಪುತ್ತೆ ಅಂತ ನಾನೇ ಹೇಳಿದ್ದೀನಿ.”

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದರು. “ರೂಮಿನ ಬಾಗಲಾ ಹಾಕ್ಕೊಂಡು, ಸಜಾತೀಯ ಕರಣಿ ಮಾಡಬೇಕು, ಒಳಗಿಂದು ಹೊರಗ ತೆಗೀಬೇಕು ಅಂತ ಮಂತ್ರಾ ಅಂದಂಗ ಅಂತಿದ್ದಳು. ನನ್ನ ಕಿವೀಲೇ ಕೇಳೀನಿ. ನಮ್ಮ ಜಾತ್ಯಾಗಿನವರಿಗೇ ಮಾಟಾ ಮಾಡ್ಸಾಕತ್ತೀರಲ್ರಿ!”

ಶಿಷ್ಯೆ ಕಿಸಕ್ಕೆಂದಳು. ನನಗೆ ಆಗ ಹೊಳೆಯಿತು, ಹೊಟ್ಟೆ ಹಿಡಿದುಕೊಂಡು ನಕ್ಕು, ಇದು ಗಣಿತದ ಕರಣಿ ಕಣಮ್ಮ ಎಂದೆ. ಅತ್ತೆ ನಗಲಿಲ್ಲ. “ಗಣಿತ ಇದ್ರ ನನ್ನ ಮುಂದ ಮಾಡಿ ತೋರಸ್ಲಿ. ಇಲ್ಲಂದ್ರ ಪರೀಕ್ಷಾನೂ ಬ್ಯಾಡ, ಬಾಲವಾಡೀನೂ ಬ್ಯಾಡ.”

ನನ್ನ ನಗು ಅಲ್ಲಿಗೇ ನಿಂತಿತು. ಒಳಗೆ ಕರೆದು ಕೂರಿಸಿ, ಬೋರ್ಡಿನ ಮೇಲೆ √18 + √8 ಎಂದು ಬರೆದೆ. ಬೇರೆ ಸುಲಭದ ಲೆಕ್ಕ ಕೊಡಬಹುದಿತ್ತು, ಆದರೆ ಕೈ ತಾನಾಗಿ ಇದನ್ನೇ ಬರೆದುಬಿಟ್ಟಿತ್ತು. ಹುಡುಗಿ ಚಾಕ್ ಹಿಡಿದು ಮೊದಲು ಒಂದು ದೊಡ್ಡ ಛಪ್ಪರ ಎಳೆದಳು. ಅದರ ಕೆಳಗೆ 2 ಎಂದು ಬರೆದಳು. ಇನ್ನು 6 ಬರುತ್ತದೆ, ಎಲ್ಲ ಮುಗಿಯಿತು ಎಂದುಕೊಂಡೆ. ಬಾಯಿಬಿಟ್ಟು ಹೇಳುವಂತಿಲ್ಲ, ಅತ್ತೆ ನನ್ನನ್ನೇ ನೋಡುತ್ತಿದ್ದರು. ಅವಳು ನಿಂತಳು. ಅಂಗೈಯಿಂದ ಒರೆಸಿದಳು. ಹದಿನೆಂಟನ್ನು ಒಂಬತ್ತು ಗುಣಿಸು ಎರಡು, ಎಂಟನ್ನು ನಾಲ್ಕು ಗುಣಿಸು ಎರಡು ಮಾಡಿದಳು. 3√2, 2√2, ಕೂಡಿದರೆ 5√2! ನನಗೆ ಶಿಳ್ಳೆ ಹೊಡೆಯಬೇಕೆನಿಸಿತು.

ಅತ್ತೆ ಬೋರ್ಡಿನ ಹತ್ತಿರ ಬಂದು ಬೆರಳಿಟ್ಟರು. “ಒಳಗ ಒಂಬತ್ತಿದ್ದದ್ದು ಹೊರಗ ಬರೂದ್ರಾಗ ಮೂರಾತು?”

“ಹೌದ್ರಿ ಅತ್ತಿ.”

“ಲೋಕಲ್ ರೈಲಿನ ಗದ್ದಲದಾಗ ಹೋಗಿ ಇಳದ್ರ ನಂದೂ ಅದ ಗತಿ,” ಎಂದು ಅವರೂ ನಕ್ಕರು. ಆಮೇಲೆ ಸೊಸೆಯತ್ತ ತಿರುಗಿದರು. “ಇಷ್ಟ ಛಲೋ ಬರತದ ನಿನಗ. ಮತ್ತ ಕಳ್ಳರಂಗ ಬಾಗಲಾ ಯಾಕ ಹಾಕ್ಕೊಂತಿದ್ದಿ?”

ಅವಳು ತಲೆ ತಗ್ಗಿಸಿದಳು. “ಪುಸ್ತಕ ಹಿಡದ್ರ ನೀವು ಮಾರಿ ಹೊಳ್ಳಸ್ತೀರಿ. ನನಗ ಅಂಜಿಕಿ ಆಗ್ತದ್ರಿ.”

ಅತ್ತೆ ಸೊಸೆಯ ಅಂಗೈಗೆ ಹತ್ತಿದ್ದ ಚಾಕಿನ ಪುಡಿಯನ್ನು ತಮ್ಮ ಸೆರಗಿನಿಂದ ಒರೆಸಿದರು.

“ಪರೀಕ್ಷಾ ಮುಗಿಯೂತನಾ ರೊಟ್ಟಿ ನಾ ಬಡೀತೀನಿ. ನೀ ಪಡಸಾಲ್ಯಾಗ ಕುಂತು ಓದು, ಜೋರಾಗಿ. ಮಂದಿ ಕೇಳಿದ್ರ ಕೇಳ್ಲಿ.”

ಹುಡುಗಿ ಥಟ್ಟನೆ ಬೋರ್ಡಿನ ಕಡೆ ಮುಖ ತಿರುಗಿಸಿಕೊಂಡಳು. “ಮೇಡಂ, ಇನ್ನೊಂದ್ ಕೊಡ್ರಿ,” ಎಂದಳು. ನಾನು ಈ ಸಲ ಮೂರು ಕರಣಿಗಳ ಲೆಕ್ಕವನ್ನೇ ಕೊಟ್ಟೆ.