ಬೀರುವಿನಲ್ಲಿ ಪೂಜೆಗೊಂಡ ಕಾರ್ಡ್ ಪುಲ್ಲರ್

ನಮ್ಮ ಸೂಪರ್‌ವೈಸರಿಗೆ ಉಪಕರಣಗಳೆಂದರೆ ಭಕ್ತಿ, ಅವನ್ನು ಬಳಸುವವರೆಂದರೆ ತಾತ್ಸಾರ. ಅಂಥವನ ಕೈಕೆಳಗೆ ಕೆಲಸ ಮಾಡುವುದು ಎಂಥ ಹಿಂಸೆ ಎಂಬುದು ಮಾಡಿದವರಿಗೇ ಗೊತ್ತು. ನಾನು ಮಾಡಿದ್ದೇನೆ.

ಮನೆಮನೆಗೆ ಕೇಬಲ್ ಎಳೆದು ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ನಮ್ಮದು. ಚಾಮರಾಜನಗರದಲ್ಲಿ ಆಫೀಸು, ಅದರ ಹಿಂಭಾಗದಲ್ಲಿ ಒಂದು ಯಂತ್ರದ ಕೋಣೆ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಒಂದು ಟೀ ಅಂಗಡಿಯ ಮಹಡಿಯಲ್ಲಿ ಇನ್ನೊಂದು. ಹರದನಹಳ್ಳಿಯಿಂದ ದಿನವೂ ಸ್ಕೂಟರಿನಲ್ಲಿ ಬಂದು ಈ ಎರಡು ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್ ನಾನು. ಸೂಪರ್‌ವೈಸರು ಮಾಲೀಕರ ದೂರದ ನೆಂಟ. ಮೊದಲು ಅರಿಸಿನದ ಮಂಡಿಯಲ್ಲಿ ಮೂಟೆ ಇಳಿಸುವುದನ್ನು ನೋಡಿಕೊಳ್ಳುತ್ತಿದ್ದನಂತೆ. ಆ ಕೆಲಸದಲ್ಲಿ ಅವಮಾನವೇನೂ ಇಲ್ಲ. ಇಲ್ಲಿಗೆ ಬಂದ ಮೇಲೂ ಎಲ್ಲವನ್ನೂ ಮೂಟೆಯೆಂದೇ ತಿಳಿದಿದ್ದ, ಅದೇ ಕಷ್ಟ.

ಯಂತ್ರದ ಕೋಣೆಯಲ್ಲಿ ಕಬ್ಬಿಣದ ಒಂದು ರ‍್ಯಾಕ್ ಇರುತ್ತದೆ. ಅದರ ಸೀಳುಗಳಲ್ಲಿ ಸರ್ಕ್ಯೂಟ್ ಕಾರ್ಡ್‌ಗಳು ಕಪಾಟಿನ ಪುಸ್ತಕಗಳ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದು ಕಾರ್ಡೂ ಹಿಂಬದಿಯಲ್ಲಿ ಸಾಲು ಸೂಜಿಯಂಥ ಪಿನ್ನುಗಳಿಗೆ ಕಚ್ಚಿಕೊಂಡಿರುತ್ತದೆ. ಕೆಟ್ಟ ಕಾರ್ಡನ್ನು ತೆಗೆಯುವಾಗ ಮೇಲಿನ ತುದಿ, ಕೆಳಗಿನ ತುದಿ ಎರಡೂ ಒಟ್ಟಿಗೇ ಈಚೆ ಬರಬೇಕು. ಒಂದು ಮೊದಲು, ಒಂದು ಆಮೇಲೆ ಬಂದರೆ ಪಿನ್ನು ಬಾಗುತ್ತದೆ. ಅದಕ್ಕೆಂದೇ ಕಾರ್ಡ್ ಪುಲ್ಲರ್ ಅನ್ನುವ ಉಪಕರಣವಿದೆ. ಅಂಗೈಯಷ್ಟು ಹಿಡಿ, ಎರಡು ಉಕ್ಕಿನ ಕೊಕ್ಕೆ. ಕಾರ್ಡಿನ ಎರಡು ತುದಿಯ ತೂತುಗಳಿಗೆ ಕೊಕ್ಕೆ ಸಿಕ್ಕಿಸಿ ಹಿಡಿಯನ್ನು ಅದುಮಿದರೆ ಕಾರ್ಡು ನೆಟ್ಟಗೆ ಈಚೆ ಬರುತ್ತದೆ. ಹೊಸದನ್ನು ಕೂರಿಸುವಾಗಲೂ ಅದೇ ಹಿಡಿಯಿಂದ ಎರಡೂ ಕಡೆ ಸಮನಾಗಿ ಒತ್ತಬಹುದು. ಇದರಲ್ಲಿ ವಿದ್ಯೆಯೇನೂ ಇಲ್ಲ. ಹೇಳಿಕೊಟ್ಟರೆ ಯಾರು ಬೇಕಾದರೂ ಮಾಡಬಹುದು.

ಬಹಳ ಕೇಳಿಕೊಂಡ ಮೇಲೆ ಮಾಲೀಕರು ಒಂದು ತರಿಸಿದರು. ಡಬ್ಬ ಒಡೆದದ್ದು ಸೂಪರ್‌ವೈಸರು. ತಿರುಗಿಸಿ ಮುರುಗಿಸಿ ನೋಡಿ, "ಫಾರಿನ್ ಮಾಲು ಕಣಮ್ಮಿ, ಈಚೆಗೆ ಬುಟ್ರೆ ಕಳ್ದೋಯ್ತದೆ" ಎಂದು ಬೀರುವಿನಲ್ಲಿಟ್ಟು ಬೀಗ ಜಡಿದ. ಬೀಗದ ಕೈ ಅವನ ಉಡುದಾರಕ್ಕೆ ಹೋಯಿತು.

"ಸಾರ್, ಕಾರ್ಡ್ ತೆಗಿಯಾಕೆ ಅಂತ ತರ್ಸಿರಾದು ಅದು."

"ಬೇಕಾದಾಗ ಕೇಳು, ಕೊಡ್ತೀನಿ. ನಾನೇನು ನುಂಗ್ಕಬುಡ್ತೀನಾ?"

ಬೇಕಾದಾಗ ಅವನು ಇರುತ್ತಿರಲಿಲ್ಲ. ಇದ್ದಾಗ ಬೀಗದ ಕೈ ಮನೆಯಲ್ಲಿರುತ್ತಿತ್ತು.

ಆಯುಧಪೂಜೆಯ ದಿನ ಮಾತ್ರ ಪುಲ್ಲರ್ ಹೊರಗೆ ಬಂತು. ಅವತ್ತು ಸೂಪರ್‌ವೈಸರು ರೇಷ್ಮೆ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು, ಪೂಜಾರಿಗೇ ಮಂತ್ರ ಹೇಳಿಕೊಡುವವನ ಠೀವಿಯಲ್ಲಿ ನಿಂತಿದ್ದ. ಪುಲ್ಲರಿನ ಹಿಡಿಗೆ ಮೂರು ಪಟ್ಟೆ ವಿಭೂತಿ, ಕೊಕ್ಕೆಗಳಿಗೆ ಚೆಂಡು ಹೂವು. ಆಮೇಲೆ ರ‍್ಯಾಕಿಗೂ ಬಂದ. ದೀಪ ಮಿನುಗುತ್ತಿದ್ದ ಕಾರ್ಡ್‌ಗಳ ಮುಂದೆ ನಿಂತು ಒಂದೊಂದರ ನೆತ್ತಿಗೂ ಗಂಧ ಕುಂಕುಮ ಹಚ್ಚತೊಡಗಿದ. ಗಾಳಿಯಾಡಲೆಂದು ಬಿಟ್ಟ ತೂತುಗಳೊಳಗೆ ಕುಂಕುಮ ಉದುರುತ್ತಿತ್ತು.

"ಸಾರ್, ಒಳಕ್ಕೆ ಓಯ್ತಾ ಅದೆ" ಅಂದೆ.

"ದೇವ್ರು ಒಳಕ್ಕೆ ಓಗ್ದೆ ಈಚೆ ನಿಂತ್ಕತಾನಾ?" ಎಂದು ನಕ್ಕ. ಸುತ್ತ ನಿಂತವರೂ ನಕ್ಕರು. ಅವನು ಏನು ಹೇಳಿದರೂ ಅವರು ನಗುತ್ತಿದ್ದರು. ಪೂಜೆ ಮುಗಿದ ಮೇಲೆ ಪುಲ್ಲರ್ ಹೂವಿನ ಸಮೇತ ಬೀರುವಿಗೆ ಹಿಂತಿರುಗಿತು. ದೇವರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತವರಲ್ಲೂ ನೇಗಿಲಿಗೆ ವಿಭೂತಿ ಹಚ್ಚುತ್ತಾರೆ. ಆದರೆ ಮಾರನೇ ದಿನ ಅದೇ ನೇಗಿಲಿನಿಂದ ಉಳುತ್ತಾರೆ.

ಸ್ವಲ್ಪ ದಿನಕ್ಕೆ ಗುಂಡ್ಲುಪೇಟೆಯಲ್ಲಿ ಒಂದು ಕಾರ್ಡು ಕೆಟ್ಟಿತು. ಸೂಪರ್‌ವೈಸರು ತನ್ನ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೋದ. ಪುಲ್ಲರ್ ತಂದಿದ್ದೀರಾ ಎಂದು ಅರ್ಧ ದಾರಿ ದಾಟಿದ ಮೇಲೆ ಕೇಳಿದೆ. ಅವನು ಡ್ಯಾಶ್‌ಬೋರ್ಡಿನಿಂದ ಒಂದು ಇಕ್ಕಳ ತೆಗೆದು ತೋರಿಸಿದ. ಮಹಡಿಯ ಕೋಣೆಯಲ್ಲಿ ನಾನು ಬೇಡ ಬೇಡವೆನ್ನುತ್ತಿದ್ದ ಹಾಗೆಯೇ ಅದರಿಂದ ಕಾರ್ಡಿನ ಮೇಲ್ತುದಿಯನ್ನು ಕಚ್ಚಿ ಹಿಡಿದು, ಒಂದು ಕಾಲನ್ನು ರ‍್ಯಾಕಿಗೆ ಒತ್ತುಕೊಟ್ಟು ಎಳೆದ. ನಿಜವಾಗಿಯೂ ಕಾಲು ಕೊಟ್ಟ. ಆಯುಧಪೂಜೆಯಲ್ಲಿ ಗಂಧ ಹಚ್ಚಿಸಿಕೊಂಡ ರ‍್ಯಾಕಿನ ಜೊತೆಯದು ಅದು. ಕಾರ್ಡಿನ ತುದಿ ಲಟಕ್ಕೆಂದು ಮುರಿಯಿತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಪಿನ್ನುಗಳು ಆನೆ ತುಳಿದ ಜೋಳದ ಹೊಲದ ಹಾಗೆ ಒರಗಿದ್ದವು.

ಸೂಪರ್‌ವೈಸರು ಇಕ್ಕಳವನ್ನು ಜೇಬಿಗೆ ಹಾಕಿಕೊಂಡು, "ಚೈನಾ ಮಾಲು, ಇನ್ನೇನಾದದು" ಎಂದು ಟೀ ಕುಡಿಯಲು ಕೆಳಗಿಳಿದ.

ಮೈಸೂರಿನಿಂದ ಆಳು ಬಂದು ಹಿಂಬದಿಯ ಪಿನ್ನಿನ ಪಟ್ಟಿಯನ್ನೇ ಬದಲಾಯಿಸುವವರೆಗೆ ಅರ್ಧ ಗುಂಡ್ಲುಪೇಟೆಗೆ ಇಂಟರ್ನೆಟ್ ಇರಲಿಲ್ಲ. ಮಾಲೀಕರು ಇಬ್ಬರನ್ನೂ ಕೂರಿಸಿಕೊಂಡು ಏನಾಯಿತು ಎಂದು ಕೇಳಿದರು. ಸೂಪರ್‌ವೈಸರು ಒಂದು ಕ್ಷಣವೂ ತಡವರಿಸಲಿಲ್ಲ.

"ಎಣ್ಣೈಕ್ಳ ಕೈ ನೋಡಿ, ಬಲ ಸಾಲ್ದು. ಕೊಂಕಾಗಿ ಎಳ್ದ್ಬುಟ್ಲು. ಓಗ್ಲಿ ಬುಡಿ, ಕಲ್ತ್ಕತಾಳೆ."

ಅವನೇ ನನ್ನನ್ನು ಕ್ಷಮಿಸುವ ಧಾಟಿ! "ಎಳೆದದ್ದು ನಾನಲ್ಲ. ಅವರು, ಇಕ್ಕಳದಲ್ಲಿ, ಕಾಲು ಕೊಟ್ಟು" ಎಂದೆ. ಮಾಲೀಕರು ಗಡಿಯಾರ ನೋಡಿ, "ಆಯ್ತು, ಇಬ್ಬರೂ ಹೊಂದ್ಕೊಂಡು ಹೋಗಿ" ಎಂದು ಎದ್ದರು. ಸುಳ್ಳಿಗೂ ನಿಜಕ್ಕೂ ಸಮನಾಗಿ ಹಂಚಿದ ಆ ಬುದ್ಧಿವಾದ ಕೇಳಿದ ದಿನದಿಂದ ಮಾಲೀಕರ ಮೇಲೂ ನನಗೆ ಗೌರವ ಉಳಿಯಲಿಲ್ಲ.

ಬೇಸಗೆಯಲ್ಲಿ ಮತ್ತೆ ಅದೇ ಕೋಣೆಯ ಇನ್ನೊಂದು ಕಾರ್ಡು ಸತ್ತಿತು. ನಾನು ಚಾಮರಾಜನಗರದ ಆಫೀಸಿನಲ್ಲಿದ್ದೆ. ಫೋನಿನ ಮೇಲೆ ಫೋನು. ಒಬ್ಬ ತಾಯಿ, "ನಮ್ ಮಗೀಗೆ ಸಂಜೆ ಆನ್‌ಲೈನ್ ಪರೀಕ್ಸೆ ಅದೆ, ಏನಾರ ಮಾಡವ್ವ" ಎಂದು ಅಳುವ ಹಾಗಿದ್ದಳು. ಬದಲಿ ಕಾರ್ಡು ನನ್ನ ಮೇಜಿನ ಮೇಲೆಯೇ ಇತ್ತು. ಪುಲ್ಲರ್ ಬೀರುವಿನಲ್ಲಿ. ಸೂಪರ್‌ವೈಸರು ಸಂತೆಮರಹಳ್ಳಿಯಲ್ಲಿ ಯಾರದೋ ಗೃಹಪ್ರವೇಶದಲ್ಲಿದ್ದ. ಹಲವು ಸಲ ಮಾಡಿದ ಮೇಲೆ ಎತ್ತಿದ. ಹಿಂದೆ ಊಟದ ಪಂಕ್ತಿಯ ಗದ್ದಲ.

"ನಾಳಿಕೆ ನೋಡನ ಬುಡು."

"ಬೀಗದ್ ಕೈ ಯಾರ್ ತಾವಾರ ಕಳ್ಸಿ ಸಾರ್."

"ಪಾಯ್ಸ ಬಡಿಸ್ತಾ ಅವ್ರೆ, ಮಡಗು."

ಫೋನು ಕಟ್ಟಾಯಿತು. ನಾನು ಹೊರಗೆ ಹೋಗಿ, ಚರಂಡಿ ಪಕ್ಕ ಬಿದ್ದಿದ್ದ ಒಂದು ದಪ್ಪ ಕಲ್ಲು ತಂದು ಬೀಗಕ್ಕೆ ಹಾಕಿದೆ. ಎರಡೇಟಿಗೆ ಕೊಂಡಿ ಕಿತ್ತು ಬಂತು. ಫಾರಿನ್ ಮಾಲಿಗೆ ಅವನು ಕೊಟ್ಟಿದ್ದ ರಕ್ಷಣೆ ಅಷ್ಟೇ. ಒಳಗೆ ಏನೇನಿತ್ತು! ಹಳೆಯ ವರ್ಷಗಳ ಕ್ಯಾಲೆಂಡರುಗಳು, ಖಾಲಿ ಸ್ವೀಟ್ ಡಬ್ಬಗಳು, ಯಾರೋ ಹೊದಿಸಿದ ಶಾಲು, ಒಂದು ಫ್ಲಾಸ್ಕು. ಇವುಗಳ ನಡುವೆ ಒಣಗಿದ ಹೂವಿನಲ್ಲಿ ಪುಲ್ಲರ್ ಮಲಗಿತ್ತು. ಕೊಕ್ಕೆಗಳಲ್ಲಿ ಆಗಲೇ ಸಣ್ಣಗೆ ತುಕ್ಕು. ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆ.

ಕೊಕ್ಕೆ ಸಿಕ್ಕಿಸಿದೆ, ಹಿಡಿ ಅದುಮಿದೆ. ಕಾರ್ಡು ಒಂದು ಸದ್ದೂ ಇಲ್ಲದೆ ಕೈಗೆ ಬಂತು. ಹೊಸದನ್ನು ಕೂರಿಸಿದೆ. ಹಸಿರು ದೀಪಗಳು ಹತ್ತಿದವು. ಕೆಳಗಿನ ಟೀ ಅಂಗಡಿಯ ಕೇರಳದ ಚೇಟನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು, ಅವನ ಮೊಬೈಲಿನಲ್ಲಿ ನಿಂತುಹೋಗಿದ್ದ ಮಲಯಾಳಂ ಧಾರಾವಾಹಿ ಮತ್ತೆ ಮಾತಾಡತೊಡಗಿತು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದಿನ ಒಬ್ಬನ ಉಡುದಾರವನ್ನು ಕಾದೆನಲ್ಲ ಎಂದು.

ಮರುದಿನ ಸೂಪರ್‌ವೈಸರು ಬಾಗಿಲಲ್ಲೇ ಕೂಗಾಡಿದ. ಕಾರ್ಡಿನ ಸುದ್ದಿಯೇ ಇಲ್ಲ, ಬರೀ ಬೀಗದ ಸುದ್ದಿ.

"ಬೀಗ ಒಡ್ದ್ಬುಟ್ಟೆಯಲ್ಲಮ್ಮಿ! ನಾಳಿಕೆ ನನ್ ಮನೆ ಬೀಗಾನೂ ಒಡಿತೀಯ ನೀನು. ತತ್ತಾ ಇಲ್ಲಿ ಅದ!"

"ಕೊಡಕಿಲ್ಲ" ಅಂದೆ.

"ಏನಂದೆ?"

"ನನ್ ಚೀಲದಲ್ಲೇ ಇರ್ತದೆ. ಪೂಜೆಗೆ ಬೇಕಂದ್ರೆ ಕೇಳಿ, ತತ್ತೀನಿ. ಪೂಜೆ ಆದ್ಮೇಲೆ ಇಸ್ಕತೀನಿ."

ಸುತ್ತ ನಿಂತವರು ಈ ಸಲ ನಗಲಿಲ್ಲ, ನೆಲ ನೋಡಿದರು. ಅವನು ಮಾಲೀಕರಿಗೆ ಫೋನು ಮಾಡಿದ. ಗುಂಡ್ಲುಪೇಟೆಯಿಂದ ದೂರುಗಳು ನಿಂತಿದ್ದರಿಂದ ಮಾಲೀಕರಿಗೆ ಎದ್ದು ಬರುವ ಅಗತ್ಯ ಕಾಣಲಿಲ್ಲ. ಹೊಸ ಬೀಗ ಮಾತ್ರ ಕಳಿಸಿಕೊಟ್ಟರು. ಅದನ್ನು ಸೂಪರ್‌ವೈಸರು ಕ್ಯಾಲೆಂಡರು, ಸ್ವೀಟ್ ಡಬ್ಬಗಳ ಕಾವಲಿಗೆ ಅಷ್ಟೇ ಶ್ರದ್ಧೆಯಿಂದ ಜಡಿದ.

ಅವನು ಕೆಲಸ ಬಿಟ್ಟು ಈಗ ಸಿಸಿ ಕ್ಯಾಮೆರಾ ಅಂಗಡಿ ಇಟ್ಟಿದ್ದಾನೆ. ಬೋರ್ಡಿನ ಮೇಲೆ ಹೆಸರಿನ ಕೆಳಗೆ 'ತಾಂತ್ರಿಕ ತಜ್ಞರು' ಎಂದು ಬರೆಸಿಕೊಂಡಿದ್ದಾನೆ, ಬಹುವಚನದಲ್ಲಿ. ಮೊನ್ನೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಜೊತೆಗೆ ಯಾರೋ ಗಿರಾಕಿ. ನನ್ನ ಕಡೆ ಕೈ ತೋರಿಸಿ, "ಈಯಮ್ಮನ್ಗೆ ಕೆಲ್ಸ ಕಲ್ಸಿದ್ದೇ ನಾವು ಕನ" ಎಂದು ದೊಡ್ಡ ದನಿಯಲ್ಲಿ ಹೇಳಿದ. ಗಿರಾಕಿ ಭಕ್ತಿಯಿಂದ ತಲೆಯಾಡಿಸಿದ. ಗುಂಡ್ಲುಪೇಟೆಗೆ ಹೋಗುವ ನನ್ನ ಬಸ್ಸು ಬಂದಿತ್ತು. ಕಿಟಕಿ ಪಕ್ಕದ ಸೀಟು ಖಾಲಿಯಿತ್ತು, ಹತ್ತಿ ಕೂತೆ. ಅವನಿನ್ನೂ ಕೈ ಬೀಸುತ್ತಲೇ ಇದ್ದ.