ಎವುಸ್ತೋಲಿಯಾಳ ಬೋಣಿ

ಹನ್ನೊಂದು ವರ್ಷ ಎವುಸ್ತೋಲಿಯಾ ಮಾಡಿದ ಕೆಲಸ ಇಷ್ಟೇ: ಹೊಸ ಪ್ಯಾಂಟು ಹಾಳು ಮಾಡುವುದು. ಅಲ್ತೆಪೆಶಿ ಊರಾಚೆಯ ಜೀನ್ಸ್ ಒಗೆಯುವ ಕಾರ್ಖಾನೆಯಲ್ಲಿ ಗಾಳಿ ತುಂಬಿದ ರಬ್ಬರ್ ಕಾಲಿಗೆ ಪ್ಯಾಂಟು ತೊಡಿಸಿ, ತೊಡೆಯ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಬೇಕು, ಮೇಲೆ ಬಣ್ಣ ಕಳೆಯುವ ನೇರಳೆ ಔಷಧಿ ಹೊಡೆಯಬೇಕು. ಕೂಲಿಯವನು ಹತ್ತು ವರ್ಷ ದುಡಿದು ಸವೆಸುವ ಬಟ್ಟೆಯನ್ನು ಇವಳು ಹತ್ತು ನಿಮಿಷದಲ್ಲಿ ಸವೆಸಬೇಕು. ಮೈ ಬಗ್ಗಿಸಿ ಗೊತ್ತಿಲ್ಲದವರು ಅದನ್ನು ದುಪ್ಪಟ್ಟು ಕೊಟ್ಟು ಕೊಳ್ಳುತ್ತಾರೆ. ಉಗುಳಿದರೆ ನೀಲಿ, ಸೀನಿದರೆ ನೀಲಿ, ಮನೆಗೆ ಬಂದು ರೊಟ್ಟಿ ತಟ್ಟಿದರೆ ರೊಟ್ಟಿಯ ಮೇಲೂ ನೀಲಿ ಬೆರಳು.

ಹೆಂಗಸರ ಮುಂಗೈಯೆಲ್ಲ ಗುಳ್ಳೆ ಎದ್ದಾಗ ಎವುಸ್ತೋಲಿಯಾ ಎಲ್ಲರನ್ನೂ ಗೇಟಿನ ಮುಂದೆ ಧರಣಿ ಕೂರಿಸಿದಳು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಮೇಸ್ತ್ರಿ ಫಿದೆನ್ಸಿಯೋ ಅವನೆದುರು ಹಲ್ಲು ಕಿರಿದು, "ಸಾಬೂನಿಗಿಂತ ಮೃದು ಸ್ವಾಮಿ ಈ ಔಷಧಿ. ಇವರು ಮನೇಲಿ ಕೈ ತೊಳೆಯಲ್ಲ, ಅದಕ್ಕೇ ಗುಳ್ಳೆ" ಅಂದ. ಅಧಿಕಾರಿ ಅಷ್ಟನ್ನೇ ಬರೆದುಕೊಂಡು, ಹೊಟ್ಟೆ ತುಂಬ ಉಂಡು ಹೋದ. ಎವುಸ್ತೋಲಿಯಾಳ ಕೆಲಸ ಹೋಯಿತು. ಸುತ್ತಲಿನ ಯಾವ ಕಾರ್ಖಾನೆಯೂ ಅವಳನ್ನು ಬಾಗಿಲೊಳಕ್ಕೆ ಬಿಡಲಿಲ್ಲ.

ಉಳಿದ ದಾರಿ ಒಂದೇ, ಅಂಗಡಿ ತೆರೆಯುವುದು. ಹಂದಿಯ ಮೇವು ತುಂಬಿದ್ದ ಮನೆಯ ಮುಂಗೋಣೆಯನ್ನು ತೊಳೆದು ಸುಣ್ಣ ಬಳಿದಳು. ಹೊಲಿಯುವ ಮನೆಗಳಿಂದ, ಒಗೆಯಲು ಹೋಗುವ ಮೊದಲೇ, ನಲವತ್ತು ಪ್ಯಾಂಟು ತಂದಳು. ಕಡುನೀಲಿ, ನಿಲ್ಲಿಸಿದರೆ ನಿಲ್ಲುವಷ್ಟು ಗಡುಸು. ಬಾಗಿಲ ಮೇಲೆ ಬರೆಸಿದಳು: "ಇಲ್ಲಿ ಸವೆದದ್ದು ಸಿಗುವುದಿಲ್ಲ. ನೀವೇ ಸವೆಸಿಕೊಳ್ಳಿ."

"ಹುಡುಗೀರು ಹರಿದದ್ದು ಕೇಳ್ತಾರೆ ಕಣೇ, ಮಂಡಿ ಕಾಣಬೇಕಂತೆ" ಅಂದಳು ಎರ್ಮಿಲಾ. ಎದುರು ಮನೆಯವಳು, ಇನ್ನೂ ಕಾರ್ಖಾನೆಯಲ್ಲೇ ಉಜ್ಜುವವಳು.

"ಮಂಡಿ ಕಾಣಬೇಕಾದ್ರೆ ಲಂಗ ಎತ್ತಲಿ. ಅದಕ್ಕೆ ಹೊಸಾ ಬಟ್ಟೆ ಯಾಕೆ ಸಾಯಬೇಕು?"

ಅಂಗಡಿ ತೆರೆದ ಭಾನುವಾರ ಪಾದ್ರಿ ಪವಿತ್ರ ನೀರು ಚಿಮುಕಿಸಿ ಹೋದರು. ಕಾರ್ಖಾನೆಯ ಹೆಂಗಸರು ಬಾಗಿಲಲ್ಲಿ ನಿಂತು, ಎವುಸ್ತೋಲಿಯಾ ಬೇಯಿಸಿದ್ದ ತಮಾಲೆ ಎಂಬ ಜೋಳದ ಕಡುಬುಗಳ ಎಲೆ ಬಿಚ್ಚಿ ತಿನ್ನುತ್ತಿದ್ದರು. ಆಗ ಹೊಟ್ಟೆ ಮುಂದೆ, ತಾನು ಹಿಂದೆ ಆಗಿ ಫಿದೆನ್ಸಿಯೋ ಬಂದ.

"ಏನೇ ತೋಲಿಯಾ, ಸಾಹುಕಾರ್ತಿ ಆಗ್ಬಿಟ್ಯಲ್ಲ! ನಂಗೂ ಒಂದು ಕೊಡು. ಸೊಂಟ ಮೂವತ್ತೆಂಟು."

"ಅದು ನಿಮ್ಮ ಮದುವೆ ದಿನದ ಅಳತೆ" ಅಂದಳು ಎರ್ಮಿಲಾ. ಹೆಂಗಸರು ಕಿಸಕ್ಕೆಂದರು.

ನಲವತ್ತನಾಲ್ಕು ಸರಿಹೋಯಿತು. ಅವನು ಪ್ಯಾಂಟನ್ನು ಮೂಗಿಗೆ ಹಿಡಿದು ಮೂಸಿದ. "ಇದು ಸರಿ. ಔಷಧಿ ಬಿದ್ದಿಲ್ಲ."

"ಕಾರ್ಖಾನೇಲಿ ಗುಡ್ಡೆ ಬಿದ್ದಿದೆಯಲ್ಲ, ಪುಗಸಟ್ಟೆ ಸಿಗಲ್ವಾ?" ಅಂದಳು ಎವುಸ್ತೋಲಿಯಾ.

"ಅಯ್ಯೋ, ಅದನ್ನ ಹಾಕ್ಕೊಂಡ್ರೆ ತೊಡೆಸಂದಿಯೆಲ್ಲ ಗುಳ್ಳೆ ಕಣೇ! ನನ್ನ ಹೆಂಡ್ತಿ ಮನೆಯೊಳಕ್ಕೇ ಬಿಡಲ್ಲ. ಅದೇನಿದ್ರೂ ಪರದೇಶದೋರಿಗೆ." ಹೇಳಿ ತಾನೇ ನಕ್ಕ.

ಅಗಿಯುತ್ತಿದ್ದ ಬಾಯಿಗಳು ನಿಂತವು. ಒಂದೇ ಒಂದು ಕ್ಷಣ. ಆಮೇಲೆ ಅವನ ಜೊತೆ ಯಾರೋ ನಕ್ಕರು, ಮತ್ತೆ ಅಗಿಯತೊಡಗಿದರು. ಎವುಸ್ತೋಲಿಯಾಳಿಗೆ ಅವನಿಗಿಂತ ಆ ನಗುವೇ ಹೆಚ್ಚು ಅಸಹ್ಯವಾಯಿತು.

"ಬೋಣಿ ನಂದು, ಐವತ್ತು ಬಿಡು" ಎಂದು ಇನ್ನೂರೈವತ್ತು ಪೆಸೋ ಚಾಚಿದ.

ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಅಂಗಡಿ ಆ ಊರಲ್ಲಿಲ್ಲ. ಕಳಿಸಿದರೆ ಆ ಹೊಸಿಲು ಯಾರೂ ತುಳಿಯುವುದಿಲ್ಲ. ಮೊದಲ ನೋಟಿನಿಂದ ಹಣೆಗೆ, ಎದೆಗೆ ಶಿಲುಬೆ ಎಳೆದುಕೊಂಡು ಮುತ್ತಿಡಬೇಕು.

"ತಗೊಳ್ಳೇ" ಎರ್ಮಿಲಾ ಪಿಸುಗುಟ್ಟಿದಳು. "ದುಡ್ಡಿಗೇನು ಗುಳ್ಳೆ ಬಂದಿದೆಯಾ?"

ತೆಗೆದುಕೊಂಡಳು. ನೋಟು ಹಣೆ ಮುಟ್ಟಿತು, ಎದೆ ಮುಟ್ಟಿತು. ತುಟಿಯ ಹತ್ತಿರ ಬಂದಾಗ ನೋಟಿನಿಂದ ಕಾರ್ಖಾನೆಯ ಹುಳಿಘಾಟು ಮೂಗಿಗೆ ಬಡಿಯಿತು. ಮುತ್ತಿಡದೆ ಕೈ ಇಳಿಸಿದಳು. ನೋಟುಗಳನ್ನು ಅವನ ಅಂಗಿಯ ಜೇಬಿಗೆ ತುರುಕಿ, ಅವನ ಕಂಕುಳಿನಿಂದ ಪ್ಯಾಂಟು ಎಳೆದುಕೊಂಡಳು.

"ನಿಮ್ಮ ಅಳತೇದು ಇಲ್ಲ."

"ಈಗ ತಾನೇ ಸರಿಯಾಯ್ತಲ್ಲೇ!"

"ಆಗಲಿಲ್ಲ."

"ಬೋಣಿಗೆ ಬಂದೋನ್ನ ಕಳಿಸ್ತೀಯಾ? ನೊಣ ಹೊಡ್ಕೊಂಡು ಕೂತಿರು!" ಎಂದು ಅವನು ಹೊರಟ. ಹೆಂಗಸರೂ ಒಬ್ಬೊಬ್ಬರೇ ಜಾರಿಕೊಂಡರು. ಬೋಣಿ ಮುರಿದ ಅಂಗಡಿಯಲ್ಲಿ ಮೊದಲು ಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಎರಡೆರಡು ತಮಾಲೆ ಶಾಲಿನ ಸೆರಗಿಗೆ ಕಟ್ಟಿಕೊಳ್ಳುವ ಧೈರ್ಯ ಮಾತ್ರ ಇತ್ತು.

"ಧರಣಿ ಕೂತು ಕೆಲಸ ಕಳ್ಕೊಂಡೆ, ಅಂಗಡಿ ತೆಗೆದು ಗಿರಾಕಿ ಕಳ್ಕೊಂಡೆ. ಮುಂದೇನೇ?" ಅಂದಳು ಎರ್ಮಿಲಾ.

"ಬಾಯಿ ಮುಚ್ಚದಿದ್ರೆ ನಿನ್ನನ್ನೂ ಕಳ್ಕೋತೀನಿ."

ಅವನು ಕೈಯಿಟ್ಟಿದ್ದ ಹಲಗೆಯನ್ನು ಎರಡು ಸಲ ತೊಳೆದಳು. ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೆಯ ದಿನ ಒಂದು ಲಾರಿ ನಿಂತು, ಗಾರೆ ಕೆಲಸದವನೊಬ್ಬ ಇಳಿದ. ಅವನ ಪ್ಯಾಂಟಿನ ಮಂಡಿ ದುಡಿದೇ ಹರಿದಿತ್ತು.

"ಇಲ್ಲಿ ಗಟ್ಟಿ ಬಟ್ಟೆ ಸಿಗುತ್ತಂತೆ. ಆದ್ರೆ ಹೋಗ್ಬೇಡ, ಅಪಶಕುನ ಅಂದ್ರು ನಿಮ್ಮೂರೋರು."

"ಮತ್ಯಾಕೆ ಬಂದೆ?"

"ನಾವು ಬೆಟ್ಟದಾಚೆಯೋರು ಕಣಮ್ಮ. ನಿಮ್ಮೂರ ಅಪಶಕುನ ನಮಗೆ ಹತ್ತಲ್ಲ. ಇಪ್ಪತ್ತು ಬಿಡು."

ಬಿಟ್ಟಳು. ನೋಟು ಬೆವರಿಗೆ ಒದ್ದೆಯಾಗಿ, ಸಿಮೆಂಟು ಹತ್ತಿ ಒರಟಾಗಿತ್ತು. ಶಿಲುಬೆ ಎಳೆದುಕೊಂಡು ಮುತ್ತಿಟ್ಟಳು, ಬಾಯಿ ಒರೆಸಿಕೊಂಡಳು, ಲಾರಿಯ ಮೇಲೆ ಕೂತಿದ್ದ ಉಳಿದ ಇಬ್ಬರ ಸೊಂಟದ ಅಳತೆ ಕೂಗಿ ಕೇಳಿದಳು.