ಬೆಕ್ಕಿನ ಬಾಣಂತನ ಮಾಡಿದ ಬೆಟ್ಟಮ್ಮ

ಹಳೇಕೋಟೆಗೆ ಸೊಸೆಯಾಗಿ ಬಂದು ಹನ್ನೊಂದು ತಿಂಗಳಾಗಿತ್ತು. ಐವತ್ತೇಳನೇ ಇಸವಿ ಕಾರ್ತಿಕದ ಎರಡನೇ ಸೋಮವಾರ ನೀಲಗಂಗಮ್ಮ, ಸೂಲಗಿತ್ತಿ ಬೆಟ್ಟಮ್ಮನನ್ನು ಮೊದಲ ಸಲ ನೋಡಿದಳು. ಬೆಟ್ಟಮ್ಮ ಇವಳ ಮುಖ ನೋಡಲಿಲ್ಲ, ನೆಟ್ಟಗೆ ಹೊಟ್ಟೆ ನೋಡಿದಳು. ಅಲ್ಲೇನೂ ಕಾಣದೆ ಮೂಗು ಮುರಿದಳು. ಮೂಲೆಯ ಕುಕ್ಕೆಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿ ಮಲಗಿತ್ತು.

“ಸದ್ಯ, ಈ ಮನೇಲಿ ಬೆಕ್ಕಾದ್ರೂ ಬಾಣ್ತಿಯಾಯ್ತಲ್ಲಾ!”

ಅತ್ತೆ ಚಿಕ್ಕಲಕ್ಷ್ಮಮ್ಮನಿಗೆ ಉರಿದುಹೋಯಿತು. “ಅಂಗಾರೆ ಅದಕ್ಕೇ ಬಾಣ್ತನ ಮಾಡೋಗು.”

“ಮಾಡ್ದೆ ಬಿಟ್ಟೇನಾ? ಈ ಊರ ಪಟೇಲನ್ನೇ ಈಚೆಗೆ ಎಳೆದೋಳು ನಾನು. ಅವನಿಗಿಂತ ಈ ಮರಿಗಳೇ ಲಕ್ಷಣವಾಗವೆ ಕಣಕ್ಕಾ.”

ಹಟಕ್ಕೆ ಬಿದ್ದು ಮಾಡಿಯೇಬಿಟ್ಟಳು. ಬೆಕ್ಕನ್ನು ಮರಿಗಳ ಸಮೇತ ಕತ್ತಲೆ ಕೋಣೆಗೆ ಸೇರಿಸಿ, ಕಿಟಕಿಗೆ ಗೋಣಿಚೀಲ ಬಿಗಿದು, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದಳು. ಅದರ ಹೊಟ್ಟೆಗೆ ಹಳೇ ಸೀರೆ ಕಟ್ಟಲು ಹೋಗಿ ಮೊಣಕೈವರೆಗೂ ಪರಚಿಸಿಕೊಂಡಳು. “ಚೊಚ್ಚಲು ನೋಡು, ಮಾತು ಕೇಳಾಕಿಲ್ಲ” ಅಂದಳು. ಊಟಕ್ಕೆ ಮೆಣಸಿನ ಪುಡಿ, ತುಪ್ಪ ಕಲೆಸಿದ ಅನ್ನ. ನೀರು ಮಾತ್ರ ತೊಟ್ಟೂ ಇಲ್ಲ.

“ಬಾಣ್ತಿ ನೀರು ಕುಡುದ್ರೆ ಮೈ ಊದ್ಕತದೆ, ಮಕ್ಕಳಿಗೆ ಸೀತ ಆಯ್ತದೆ” ಅಂತ ಚಿಲಕ ಹಾಕಿ ಹೋದಳು.

ಆ ಬೆಕ್ಕು ನೀಲಗಂಗಮ್ಮ ತವರಿಂದ ಮಡಿಲಲ್ಲಿಟ್ಟುಕೊಂಡು ತಂದದ್ದು. ಆ ಮನೆಯಲ್ಲಿ ತನ್ನದು ಅನ್ನಲು ಅವಳಿಗೆ ಇದ್ದದ್ದೇ ಅದೊಂದು.

ಮೂರನೇ ದಿನ ಬೆಕ್ಕು ಅನ್ನ ಮೂಸಲಿಲ್ಲ. ಮರಿಗಳು ಬತ್ತಿದ ಮೊಲೆ ಚೀಪಿ ಚೀಪಿ ಅರಚಿದವು, ಸಂಜೆಗೆ ಅರಚುವುದನ್ನೂ ಬಿಟ್ಟವು. ಕರೀ ಮರಿಯನ್ನು ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ನೀಲಗಂಗಮ್ಮ, ಅತ್ತೆ ಹಿತ್ತಲಿಗೆ ಹೋದದ್ದು ನೋಡಿಕೊಂಡು, ತೆಂಗಿನ ಚಿಪ್ಪಿನಲ್ಲಿ ನೀರಿಟ್ಟಳು. ಬೆಕ್ಕು ತಲೆ ಎತ್ತದೆ ಮೂರು ಚಿಪ್ಪು ಕುಡಿಯಿತು. ಆಮೇಲೆ ಹಾಲನ್ನ ಹಾಕಿದರೆ ಚಿಪ್ಪನ್ನೂ ನೆಕ್ಕಿತು. ಇನ್ನೊಂದು ಚಿಪ್ಪು ನೀರಿಟ್ಟು ಬಂದಳು.

ಬೆಳಗಾಗುವಷ್ಟರಲ್ಲಿ ನಾಲ್ಕೂ ಮರಿಗಳ ಹೊಟ್ಟೆ ತಮಟೆಯಾಗಿತ್ತು.

“ನೋಡ್ದಾ ಚಿಕ್ಕಲಕ್ಷ್ಮಕ್ಕಾ, ನನ್ನ ಮೆಣಸಿನ ಮಹಿಮೆ!” ಅಂತ ಕೂಗಿಕೊಂಡು ಒಳಗೆ ಬಂದ ಬೆಟ್ಟಮ್ಮನ ಕಾಲು ಚಿಪ್ಪಿಗೆ ತಾಕಿ, ನೀರು ಪಾದದ ಮೇಲೆ ಚೆಲ್ಲಿತು.

“ಯಾರವ್ವಾ ಇಟ್ಟೋರು?”

“ನಾನೇ ಅಜ್ಜಿ. ಸಾಯ್ತಿದ್ವು.”

ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಬೆಟ್ಟಮ್ಮ ಹೊಸಿಲ ಮೇಲೆ ಕೂತು ಮರಿಗಳನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಕಿಟಕಿಯ ಗೋಣಿ ಬಿಚ್ಚಿದಳು.

ಮುಂದೆ ನೀಲಗಂಗಮ್ಮನಿಗೆ ಮೂರು ಹೆರಿಗೆ ಮಾಡಿಸಿದಳು. ಮೂರಕ್ಕೂ ಮಂಚದ ಕೆಳಗೆ ಕಾಯಿಸಿ ಆರಿಸಿದ ನೀರಿನ ಚೊಂಬು ತಾನೇ ಇಟ್ಟಳು. ಅತ್ತೆ ಕೇಳಿದರೆ, “ಬಾಯಿ ಮುಚ್ಚಕ್ಕಾ, ನೀನೇನು ಸೂಲಗಿತ್ತಿಯಾ?” ಅನ್ನುವಳು.

ಅರವತ್ತನಾಲ್ಕನೇ ಇಸವಿಯಲ್ಲಿ ಬೆಟ್ಟಮ್ಮ ಕಾಲು ಸೋತು, ಅರಕಲಗೂಡಿನ ಮಗಳ ಮನೆಗೆ ಹೊರಟಳು. ಬಸ್ಸು ಹತ್ತಿಸಲು ನೀಲಗಂಗಮ್ಮ ಹೋಗಿದ್ದಳು.

“ಈ ಡ್ರೈವರ್ರೂ ನನ್ನ ಕೈಯಾಗೇ ಬಂದೋನು. ಆಗ್ಲೂ ಅಡ್ಡಡ್ಡ ಬಂದ, ಈಗ ಬಸ್ಸೂ ಅಂಗೇ ಓಡುಸ್ತಾನೆ” ಅಂತ ಬೈಯುತ್ತಲೇ ಹತ್ತಿ ಕೂತಳು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ನೀಲಗಂಗಮ್ಮನ ಕೈ ಹಿಡಿದಳು.

“ಅಮ್ಮಣ್ಣೀ, ನಲವತ್ತು ವರ್ಷ ನೀರು ಕೊಡ್ದೆ ಮಲಗ್ಸಿದ್ನಲ್ಲಾ, ಆ ಹೆಣ್ಣೈಕ್ಳೆಲ್ಲಾ... ಕದ್ದಾದ್ರೂ ಕುಡಿದಿರ್ತವೆ, ಅಲ್ವಾ?”